ಬೇಟೆಗಾರನ ಕಣ್ಣು

ಹೊಳೆದಂಡೆಯ ವಿಹಾರದಲ್ಲಿ ಉಪಸೇನನೆಂಬ ಶಿಷ್ಯನಿದ್ದ. ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಊರ ಮಕ್ಕಳಿಗೆ ಕರುಣೆ ಕಲಿಸಬೇಕೆಂದು ಅವನೊಂದು ಚಿತ್ರಪುಸ್ತಕ ಮಾಡಿದ. ಉರುಲಿಗೆ ಸಿಕ್ಕ ಜಿಂಕೆ, ಕೊಲ್ಲಲು ಬರುವ ಬೇಟೆಗಾರ. ಆ ಜಿಂಕೆಯೇ ಮುಂದೆ ಬುದ್ಧನಾಗಿ ಹುಟ್ಟಿತೆಂದು ಕೊನೆಯ ಪುಟದಲ್ಲಿ ಬುದ್ಧ. ಓದಿ ಹೇಳಿದಾಗ ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು. ಉಪಸೇನ ಹಿಗ್ಗಿ ಹೀರೇಕಾಯಿಯಾದ.

ಅದೇ ಸಂಜೆ ಆ ಮಕ್ಕಳೇ, ತಮ್ಮೊಡನೆ ಕೂತು ಕಥೆ ಕೇಳಿದ್ದ ಮಾಳಿಯೆಂಬ ಹುಡುಗಿಗೆ ಕಲ್ಲು ಹೊಡೆದು ಓಡಿಸಿದರು. ಅವಳಪ್ಪ ಕಾಡಂಚಿನಲ್ಲಿ ಉರುಲು ಹಾಕಿ ಹಕ್ಕಿ ಹಿಡಿಯುವವನು. ಮರುದಿನ ಮಾಳಿ ವಿಹಾರಕ್ಕೆ ಬರಲಿಲ್ಲ.

ಉಪಸೇನ ಗುರು ರೇವತರ ಬಳಿಗೆ ಓಡಿದ.

"ಭಂತೇ, ನಾನು ಹೇಳಿದ್ದು ಕರುಣೆಯ ಕಥೆ. ಮಕ್ಕಳು ಕಲ್ಲು ಎತ್ತಿಕೊಂಡರು. ಮಾಳಿ ಇನ್ನು ಬರುವುದೇ ಇಲ್ಲವೇನೋ."

"ಪುಸ್ತಕ ತಾ."

ಗುರುಗಳು ಪುಟ ತಿರುವಿ ಬೇಟೆಗಾರನ ಮೇಲೆ ಬೆರಳಿಟ್ಟರು. "ಇವನ ಕಣ್ಣು ಯಾವಾಗ ಬರೆದೆ?"

"ಎಲ್ಲಕ್ಕಿಂತ ಮೊದಲು. ಎರಡು ಕೆಂಪು ಚುಕ್ಕೆ ತಾನೇ?"

"ಬುದ್ಧನದು?"

"ಅದೇನು ಹಾಗೆ ಕೇಳುತ್ತೀರಿ ಭಂತೇ! ಕಟ್ಟಕಡೆಗೆ. ಹೊಳೆಯಲ್ಲಿ ಮಿಂದು, ಮೌನ ಹಿಡಿದು."

ವಿಹಾರದ ಪದ್ಧತಿಯೇ ಅದು. ಕಣ್ಣು ಬರೆದ ಮೇಲೆಯೇ ಚಿತ್ರಕ್ಕೆ ಜೀವ ಬರುವುದೆಂದು ಅಲ್ಲಿಯವರ ನಂಬಿಕೆ.

ಗುರುಗಳು ಒದ್ದೆ ಬಟ್ಟೆಯಿಂದ ಆ ಕೆಂಪು ಚುಕ್ಕೆಗಳನ್ನು ಒರೆಸಿಯೇಬಿಟ್ಟರು.

"ಮಿಂದು ಬಂದು ಇವನಿಗೂ ಹಾಗೆಯೇ ಬರೆ."

"ಬೇಟೆಗಾರನ ಕಣ್ಣು ಹೇಗಿರುತ್ತದೆಂದು ನನಗೇನು ಗೊತ್ತು?"

"ಗೊತ್ತಿಲ್ಲದೆಯೇ ಬರೆದೆಯಲ್ಲ! ಹೋಗಿ ನೋಡಿ ಬಾ."

ಉಪಸೇನ ಮಿಂದ, ಮಾತು ಬಿಟ್ಟ, ಮಾಳಿಯ ಗುಡಿಸಲಿಗೆ ನಡೆದ.

ಅವಳಪ್ಪ ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದ. ಕಲ್ಲಿಗೆ ಹೆದರಿ ಪೊದೆಯಲ್ಲಿ ಓಡಿದಾಗ ಚುಚ್ಚಿದ ಮುಳ್ಳು.

"ನೋಯ್ತದೇನವ್ವಾ?" ಎಂದು ಕೇಳುತ್ತಿದ್ದ. ನೋವು ಅವಳದು, ತುಂಬಿದ್ದು ಅವನ ಕಣ್ಣು.

ಉಪಸೇನನಿಗೆ ತುಂಬ ನಾಚಿಕೆಯಾಯಿತು. ಮೌನ ಗೀನ ಎಲ್ಲ ಬಿಟ್ಟು, "ತಪ್ಪು ನನ್ನದಣ್ಣಾ. ನಾಳೆ ಮಾಳಿಯನ್ನು ಕಳಿಸಿಕೊಡು. ನಾನೇ ಬಂದು ಕರೆದೊಯ್ಯುತ್ತೇನೆ" ಎಂದ.

ಅಪ್ಪ ಮಗಳ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

ಅಂದು ರಾತ್ರಿ ಉಪಸೇನ ಬೇಟೆಗಾರನಿಗೆ ಹೊಸ ಕಣ್ಣು ಬರೆದ. ಮರುದಿನ ಮಕ್ಕಳ ಮುಂದೆ ಮತ್ತೆ ಅದೇ ಪುಸ್ತಕ. ಬೇಟೆಗಾರನ ಪುಟ ಬಂದಾಗ, ಮೊದಲ ಕಲ್ಲು ಎಸೆದಿದ್ದ ಹುಡುಗಿ ಬಗ್ಗಿ ನೋಡಿದಳು.

"ಇವನ್ಯಾಕೆ ಅಳ್ತಾನೆ?"

ಹಿಂದಿನಿಂದ ಮಾಳಿ ಹೇಳಿದಳು: "ಮನೇಲಿ ಮಕ್ಕಳು ಹಸಿದಿರ್ತವೆ. ಜಿಂಕೆ ನೋಡಿದ್ರೂ ಪಾಪ ಅನ್ನಿಸ್ತದೆ."

ಆ ಹುಡುಗಿ ಸರಿದು ಚಾಪೆಯ ಮೇಲೆ ಅವಳಿಗೆ ಜಾಗ ಬಿಟ್ಟಳು.

ಉಪಸೇನ ಸಂತೋಷದಿಂದಲೇ ಗುರುಗಳ ಬಳಿ ಬಂದ. ಆದರೂ ಒಂದು ಅಳುಕು.

"ಭಂತೇ, ಬೇಟೆಗಾರನ ಕಣ್ಣೂ ಬುದ್ಧನ ಕಣ್ಣೂ ಒಂದೇ ಥರ ಬಂದುಬಿಟ್ಟಿವೆ. ಮತ್ತೆ ತಪ್ಪಿದೆನೇನೋ."

ಗುರುಗಳು ಎರಡೂ ಪುಟಗಳನ್ನು ನಿಧಾನವಾಗಿ ನೋಡಿದರು.

"ಇಲ್ಲ. ಬುದ್ಧನ ಕಣ್ಣು ಈಗ ಸರಿಯಾಯಿತು."