ಅರ್ಧ ಪಾಸಿನ ಅವ್ವ, ಪೂರಾ ಪಾಸಿನ ಮಗ

ಹಾಲಮ್ಮನಿಗೆ ಒಬ್ಬನೇ ಮಗ. ಇಂಥವನು ಒಬ್ಬ ಸಾಕು ಅಂತ ದೇವರಿಗೂ ಅನ್ನಿಸಿರಬೇಕು. ಹೆಸರು ಮುರಿಗೆಪ್ಪ. ಆಳು ನೋಡಿದರೆ ಆರಡಿ, ಕಂಬ. ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತು ಹಿಡಿಯುತ್ತಿತ್ತು. ಹೊಸ ಮಾತು ಒಳಗೆ ಬಂತೋ, ಹಳೇ ಮಾತು ಹೊರಗೆ. ಆದರೆ ಒಳಗಿದ್ದ ಮಾತನ್ನು ಕೂದಲೆಳೆಯಷ್ಟೂ ಮೀರುವವನಲ್ಲ. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಕಿಟಕಿಯಿಂದ ಕೋತಿ ಬಂದು ರೊಟ್ಟಿ ಹೊತ್ತೊಯ್ದರೂ ಕತ್ತು ತಿರುಗಿಸುವನಲ್ಲ.

"ಅಯ್ಯೋ ನನ್ನ ಕರ್ಮವೇ!" ಅಂತ ಹಾಲಮ್ಮ ದಿನಾ ಹಣೆ ಚಚ್ಚಿಕೊಳ್ಳುವಳು. ಹಾಗೆ ಚಚ್ಚಿಕೊಳ್ಳುವ ಹಕ್ಕು ಅವಳೊಬ್ಬಳದೇ. ಬೇರೆ ಯಾರಾದರೂ ಅವನನ್ನು ಪೆದ್ದ ಅಂದರೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೇ ಇಳಿಯುವಳು.

ಅವಳ ಕಿರಿಯ ತಮ್ಮ ಕೊಟ್ರೇಶ ದೊಡ್ಡ ಪಟ್ಟಣದಲ್ಲಿ ದೊಡ್ಡ ಮನೆ ಕಟ್ಟಿಕೊಂಡಿದ್ದ. ಬಹಳ ವರ್ಷ ಕಾದ ಮೇಲೆ ಅವನಿಗೊಂದು ಗಂಡುಕೂಸು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಅಂದರೆ ಹಾಲಮ್ಮ. ತಮ್ಮನಿಗೆ ಮದುವೆಯಾದ ದಿನದಿಂದ ಅವಳು ಈ ಒಂದು ಕೆಲಸಕ್ಕಾಗಿ ಕಾದಿದ್ದಳು.

ತಮ್ಮ ಫೋನು ಮಾಡಿದ. "ಅಕ್ಕಾ, ಕಾರು ಕಳಿಸ್ತೀನಿ. ನೀನೊಬ್ಬಳೇ ಬಾ. ಅವನು ಬೇಡ."

"ಯಾವನು?"

"ಅದೇ... ನಿನ್ನ ಮಗ. ದೊಡ್ಡ ದೊಡ್ಡೋರು ಬಂದಿರ್ತಾರೆ. ಅವನನ್ನ ಕರೀಬೇಡ."

"ನಿನ್ನ ಕಾರಿಗೆ ನೀನೇ ಪೂಜೆ ಮಾಡ್ಕೊಂಡು ಕೂತಿರು! ನಾನೂ ಬರ್ತೀನಿ, ನನ್ನ ಮಗನೂ ಬರ್ತಾನೆ. ಸಿಟಿ ಬಸ್ಸಲ್ಲೇ ಬರ್ತೀವಿ!"

"ಹನ್ನೆರಡಕ್ಕೆ ಮುಹೂರ್ತ ಅಕ್ಕಾ. ತಡವಾದ್ರೆ ನನ್ನ ಹೆಂಡತಿಯ ಅಕ್ಕ ವಿನುತಾ ಹೆಸರು ಕರೀತಾಳೆ."

"ಕರೀಲಿ, ನೋಡೇ ಬಿಡೋಣ!"

ನೋಡೇ ಬಿಡೋಣ ಅಂದವಳು ಮಗನನ್ನು ಕಟ್ಟಿಕೊಂಡು ಮುಹೂರ್ತದ ದಿನ ಬೆಳಿಗ್ಗೆ ಪಟ್ಟಣದ ಬಸ್‌ಸ್ಟಾಂಡಿನಲ್ಲಿ ಇಳಿದಳು. ಅಲ್ಲಿ ಹೊರಗಿನಿಂದ ಬಂದವರಿಗೆ ದಿನದ ಪಾಸು. ಒಂದು ಸಲ ತಗೊಂಡರೆ ಸಂಜೆಯವರೆಗೂ ಯಾವ ಬಸ್ಸಾದರೂ ಹತ್ತಬಹುದು, ಇಳಿಯಬಹುದು. ಅರವತ್ತು ದಾಟಿದವರಿಗೆ ಅದೇ ಪಾಸು ಅರ್ಧ ರೇಟಿಗೆ.

ಹಾಲಮ್ಮ ಗಂಟುಮೂಟೆಯ ಮೇಲೆ ಕೂತು ಮಗನಿಗೆ ಹೇಳಿದಳು: "ಹೋಗಿ ಕೇಳೋ, ಅರವತ್ತು ದಾಟಿದೋರಿಗೆ ಅರ್ಧ ಪಾಸು ಬೇಕು ಅನ್ನು. ಅವರು ಹೇಳಿದಂಗೆ ಮಾಡು."

ಹೋದ. ಕೇಳಿದ. ಪಾಸಿನ ಕಿಟಕಿಯೊಳಗಿನವನು ತಲೆ ಎತ್ತದೆ, "ಅರವತ್ತು ದಾಟಿದೋರು ಖುದ್ದು ಬರಬೇಕು. ಕರ್ಕೊಂಡು ಬಾ" ಅಂದ.

ಕರೆದುಕೊಂಡು ಬಂದ! ಕಾಫಿ ಕುಡಿಯುತ್ತಿದ್ದ ಬೊಚ್ಚುಬಾಯಿ ಅಜ್ಜನನ್ನು ಕರೆದುಕೊಂಡು ಬಂದ. ಹೂವು ಕಟ್ಟುತ್ತಿದ್ದ ಅಜ್ಜಿಯನ್ನು ಬುಟ್ಟಿ ಸಮೇತ ಎತ್ತಿಕೊಂಡು ಬಂದ. ಪಂಚೆ ಉಟ್ಟು ಇನ್ನೊಂದೂರಿಗೆ ಹೊರಟಿದ್ದ ಯಜಮಾನರೊಬ್ಬರನ್ನು ಚಲಿಸುವ ಬಸ್ಸಿನಿಂದ ಇಳಿಸಿಕೊಂಡೇ ಬಂದ. "ನನ್ನ ಊರೇ ಬೇರೆ ಕಣಪ್ಪಾ!" ಅಂತ ಅವರು. "ಅರವತ್ತು ದಾಟಿದೆ ತಾನೇ? ನಡೀರಿ!" ಅಂತ ಇವನು. ಕಿಟಕಿಯ ಮುಂದೆ ಬೆಳ್ಳಿಕೂದಲಿನ ಸಂತೆಯೇ ನೆರೆಯಿತು.

ಹಾಲಮ್ಮ ಓಡಿಬಂದಳು. "ಲೋ ಮಂಕೇ! ಊರ ಮುದುಕರನ್ನೆಲ್ಲ ಯಾಕೋ ಗುಡ್ಡೆ ಹಾಕಿದೆ? ನಾನೊಬ್ಬಳು ಸಾಲದಾ?"

"ನಿಂಗೂ ಅರವತ್ತಾಯ್ತಾ ಅವ್ವಾ?"

ಅವಳಿಗೊಂದು ಅರ್ಧ ಪಾಸು, ಅವನಿಗೊಂದು ಪೂರಾ ಪಾಸು ಆಯಿತು. ಹಾಲಮ್ಮ ಎರಡನ್ನೂ ಅವನ ಅಂಗೈಗೆ ಒತ್ತಿ, "ಇಲ್ಲಿ ಜೇಬುಗಳ್ಳರು ಜಾಸ್ತಿ. ಯಾರ ಕೈಗೂ ಕೊಡಬೇಡ. ಯಾರಿಗೂ ತೋರಿಸಲೂಬೇಡ. ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತವ್ವಾ."

ಬಸ್ಸು ಹತ್ತಿದರು. ಕಂಡಕ್ಟರು ಬಂದ. "ಪಾಸು?"

ಮುರಿಗೆಪ್ಪ ಮುಷ್ಟಿ ಬಿಗಿದ.

"ಪಾಸು ತೋರ್ಸಯ್ಯ."

"ತೋರ್ಸಲ್ಲ!"

"ಇದೆಯೋ ಇಲ್ಲವೋ?"

"ಇದೆ! ತೋರ್ಸಲ್ಲ!"

ಕಂಡಕ್ಟರು ಒಂದೊಂದೇ ಬೆರಳು ಬಿಡಿಸಲು ನೋಡಿದ. ಹಾಲಮ್ಮ, "ತೋರ್ಸೋ, ತೋರ್ಸೋ" ಅಂತ ಹಿಂದಿನ ಸೀಟಿನಿಂದ ಅರಚಿದಳು. ನೂಕುನುಗ್ಗಲಲ್ಲಿ ಯಾರಿಗೆ ಕೇಳಬೇಕು? ಕಂಡಕ್ಟರು ಸೀಟಿ ಊದಿದ, ಇಬ್ಬರೂ ರಸ್ತೆಯ ಮೇಲೆ.

"ಅಯ್ಯೋ ನನ್ನ ಕರ್ಮವೇ! ಪಾಸು ಇರೋದೇ ತೋರ್ಸೋಕೆ ಕಣೋ! ಹತ್ತಿದ ಕೂಡ್ಲೆ ಕಣ್ಣಿಗೆ ಹಿಡಿದು ತೋರ್ಸು. ಕೇಳೋವರೆಗೂ ಕಾಯಬೇಡ!"

"ಹೂಂ ಅವ್ವಾ."

ಎರಡನೇ ಬಸ್ಸು. ಹತ್ತಿದ ಕೂಡಲೇ ಮುರಿಗೆಪ್ಪ ಶುರು ಹಚ್ಚಿಕೊಂಡ. ಮೊದಲನೇ ಸೀಟಿನವನ ಕಣ್ಣಿಗೆ ಪಾಸು ಹಿಡಿದ. ಎರಡನೇ ಸೀಟಿನವಳ ಕಣ್ಣಿಗೆ ಹಿಡಿದ. ನಿದ್ದೆ ಹೋದವನ ರೆಪ್ಪೆ ಬಿಡಿಸಿ ಹಿಡಿದ. ಎಲ್ಲರದೂ ಮುಗಿಯಿತು, ಉಳಿದದ್ದು ಡ್ರೈವರಿನ ಎರಡು ಕಣ್ಣು. ಒಂದೊಂದಕ್ಕೆ ಒಂದೊಂದು ಪಾಸು ಅಡ್ಡ ಹಿಡಿದ.

ಕ್ರೀಂಯ್! ಬಸ್ಸು ನಿಂತದ್ದು ಎಳನೀರು ಗಾಡಿಗೆ ಒಂದು ಗೇಣು ದೂರದಲ್ಲಿ. ಎಳನೀರಿನವನು ಇವತ್ತಿಗೂ ಅರ್ಧ ಗೇಣು ಅನ್ನುತ್ತಾನೆ. ಅವನದು ಸ್ವಲ್ಪ ಬಾಯಿಬಡುಕತನ.

ಮತ್ತೆ ರಸ್ತೆಯ ಮೇಲೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ಹಾಲಮ್ಮನ ಕಣ್ಣ ಮುಂದೆ ವಿನುತಾ ತೊಟ್ಟಿಲಿಗೆ ಬಾಗಿದಂತೆಯೇ ಕಾಣಿಸಿತು. ಪಾಸುಗಳನ್ನು ಕಿತ್ತುಕೊಂಡಳು.

"ಇವು ನನ್ನ ಹತ್ರ ಇರ್ಲಿ. ನೀನು ಒಂದೇ ಒಂದು ಕೆಲಸ ಮಾಡು. ನನ್ನ ಕಾಲು ಬಿದ್ದೇ ಹೋದ್ವು. ಹಿರಿಯರು ನಿಂತಿರೋವಾಗ ಚಿಕ್ಕೋರು ಆರಾಮಾಗಿ ಇರಬಾರದು. ಅಂಥೋರು ಕಂಡ್ರೆ ಎಬ್ಬಿಸು, ಆ ಜಾಗದಲ್ಲಿ ನನ್ನ ಕೂರಿಸು!"

"ಅಷ್ಟೇ ತಾನೇ ಅವ್ವಾ?"

ಅಷ್ಟೇ! ಮೂರನೇ ಬಸ್ಸಿಗೆ ಮುಂದಿನ ಬಾಗಿಲಿಂದ ಹತ್ತಿದರು. ಹಿರಿಯರಿಗೆ ಅಂತ ಬರೆದಿದ್ದ ಸೀಟಿನಲ್ಲಿ ಕಾಲೇಜು ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದರು. ಮುರಿಗೆಪ್ಪ ಅತ್ತ ನೋಡಲೇ ಇಲ್ಲ. ಅವನಿಗೆ ಮೊದಲು ಕಂಡವನು ಡ್ರೈವರು. ಎಳೇ ಮೀಸೆ. ಎಲ್ಲರಿಗಿಂತ ಅಗಲವಾದ ಸೀಟು. ಸಿಗ್ನಲ್ಲಿನಲ್ಲಿ ಬಸ್ಸು ನಿಂತದ್ದೇ ತಡ, ಕಂಕುಳಿಗೆ ಕೈ ಹಾಕಿ ಎಬ್ಬಿಸಿದ.

"ನಮ್ಮವ್ವ ನಿಂತಿದ್ದಾಳೆ, ನೀನು ಕೂತಿದ್ದೀಯಾ? ಏಳು!"

ಹಾಲಮ್ಮ ಬೇಡ ಅನ್ನುವಷ್ಟರಲ್ಲಿ ಸ್ಟೇರಿಂಗಿನ ಹಿಂದೆ ಕೂತಿದ್ದಳು. ಹಸಿರು ದೀಪ ಬಿತ್ತು. ಹಿಂದಿನ ಗಾಡಿಗಳೆಲ್ಲ ಪೋಂ ಪೋಂ.

ಕಂಡಕ್ಟರು ಕೆಂಡವಾದ. "ಅಜ್ಜೀ, ಇಂಥ ಪೆದ್ದನ್ನ ಊರಲ್ಲೇ ಕಟ್ಟಿಹಾಕಿ ಬರೋಕೆ ಹಗ್ಗ ಇರಲಿಲ್ವಾ?"

ಅಂದನಲ್ಲ! ಹಾಲಮ್ಮ ಕೂತಲ್ಲೇ ಸೆರಗು ಸಿಕ್ಕಿಸಿದಳು.

"ಯಾರೋ ಪೆದ್ದ? ಹಿರಿಯರ ಸೀಟು ಅಂತ ಬರೆದೋರು ನೀವು. ಅಲ್ಲಿ ಕೂತಿರೋ ಗೂಳಿಗಳನ್ನ ಒಂದಿನಾನಾದ್ರೂ ಎಬ್ಬಿಸಿದ್ದೀಯಾ? ಹೇಳಿದ ಮಾತು ಮಾಡೋನು ಈ ಬಸ್ಸಲ್ಲಿ ನನ್ನ ಮಗ ಒಬ್ಬನೇ! ಆ ಸೀಟು ಕೊಡ್ಸು, ಇಳೀತೀನಿ. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ. ಬೇಕಾದ್ರೆ ನೀನೇ ತಳ್ಳು ಬಸ್ಸ!"

ಬಸ್ಸಿನ ಮುದುಕರೆಲ್ಲ "ಹೌದೌದು!" ಅಂತ ಕೋಲು ಕುಟ್ಟಿದರು. ಹುಡುಗರು ವೈರು ಕಿತ್ತುಕೊಂಡು ಎದ್ದರು. ಡ್ರೈವರು ನಗು ತಡೆಯಲಾರದೆ ತನ್ನ ಸೀಟಿಗೆ ಬಂದ. ಹಾಲಮ್ಮ ಮಹಾರಾಣಿಯಂತೆ ಹಿರಿಯರ ಸೀಟಿನಲ್ಲಿ ಕೂತಳು.

ಆ ಸಲ ಮಾತ್ರ ಅವಳು ಮಗನನ್ನು ಬೈಯಲಿಲ್ಲ. ಹೊಸ ಬುದ್ಧಿಯನ್ನೂ ಹೇಳಲಿಲ್ಲ. ಹಾಗಾಗಿ ಅವನ ತಲೆಯೊಳಗೆ ಅದೇ ಮಾತು ಉಳಿಯಿತು.

ತಮ್ಮನ ಮನೆ ಮುಟ್ಟಿದಾಗ ಮುಹೂರ್ತ ಬಂದುಬಿಟ್ಟಿತ್ತು. ಕೊಟ್ರೇಶ ಬಾಗಿಲಿಗೇ ಅಡ್ಡ ಬಂದ. "ತಡವಾಯ್ತಕ್ಕಾ, ವಿನುತಾ ಕೂತಾಯ್ತು. ನೀನು ಒಳಗೆ ಬಾ. ಅವನು ಅಲ್ಲೇ ನಿಲ್ಲಲಿ."

"ಅವನಿದ್ದ ಕಡೆ ನಾನು!" ಅಂತ ಹಾಲಮ್ಮ ಮಗನ ಕೈ ಹಿಡಿದು ನುಗ್ಗಿದಳು.

ನಡುಮನೆಯಲ್ಲಿ ತೇಗದ ದೊಡ್ಡ ತೊಟ್ಟಿಲು. ತೊಟ್ಟಿಲಿಗೂ ವಿನುತಾಳ ತಲೆಗೂ ಸೇರಿಸಿ ರೇಷ್ಮೆಬಟ್ಟೆ ಹೊದಿಸಿದ್ದರು; ಈ ಬದಿ ಮಾತ್ರ ತೆರೆದಿತ್ತು. ಅವಳು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ಹೆಸರು ಕರೆದ ಕೂಡಲೇ ಕರೆದವಳ ಬೆನ್ನಿಗೆ ಗುದ್ದುವುದು ಶಾಸ್ತ್ರ. ಹೆಂಗಸರು ಮುಷ್ಟಿ ಕಟ್ಟಿ ಕಾಯುತ್ತಿದ್ದರು. ಜಾಗ ಹೋಯಿತು ಅಂತ ಹಾಲಮ್ಮ ತೊಟ್ಟಿಲ ಪಕ್ಕದಲ್ಲೇ ನಿಂತುಬಿಟ್ಟಳು.

ಮುರಿಗೆಪ್ಪ ನೋಡಿದ. ಅವ್ವ ನಿಂತಿದ್ದಾಳೆ. ಒಂದು ಗೇಣುದ್ದದ ಚಿಕ್ಕೋನು ಕಾಲು ಚಾಚಿ ಮಲಗಿದ್ದಾನೆ!

"ಏಳೋ ಮರಿ!" ಅಂತ ಈ ಬದಿಯಿಂದ ಕೈ ಹಾಕಿ ಕೂಸನ್ನು ಎತ್ತಿದ. ಇನ್ನೊಂದು ಕೈಯಲ್ಲಿ ಅವ್ವನನ್ನು ಎತ್ತಿ ತೊಟ್ಟಿಲಿಗೆ ಹಾಕಿದ. ಹಾಲಮ್ಮ ಒಣಕಡ್ಡಿಯಂಥ ಹೆಂಗಸು; ತೊಟ್ಟಿಲು ತಡೆಯಿತು.

ವಿನುತಾ ಕಣ್ಣು ತೆರೆಯದೆ ಬಾಗಿ, ಸಿಕ್ಕ ಕಿವಿಯಲ್ಲಿ ಉಸುರಿದಳು: "ವಿಯಾನ್, ವಿಯಾನ್."

ಗುದ್ದು ಬಿದ್ದವು. ಬಟ್ಟೆಯೊಳಗಿಂದ ಗಂಡುದನಿಯಂಥ ದನಿ ಬಂತು: "ಇದೇನೇ, ಸೋಪಿನ ಹೆಸರಾ?"

ವಿನುತಾ ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದಳು. ಹಾಲಮ್ಮ ತೊಟ್ಟಿಲಲ್ಲಿ ಎದ್ದು ಕೂತಳು. ಪಕ್ಕದಲ್ಲೇ ಮಗನ ತೋಳಿನಲ್ಲಿ ಕೂಸು, ಕೂಸಿನ ಕಿವಿ ಖಾಲಿ! ಬಿಟ್ಟಾಳೆಯೇ? ಕತ್ತು ಚಾಚಿ ಕರೆದೇಬಿಟ್ಟಳು:

"ಮುರಿಗೆಪ್ಪ! ಮುರಿಗೆಪ್ಪ! ಮುರಿಗೆಪ್ಪ!"

ರೂಢಿಬಲ, ಹೆಂಗಸರು ಅವಳ ಬೆನ್ನಿಗೂ ಗುದ್ದಿದರು. ಶಾಸ್ತ್ರ ಮುಗಿದೇಹೋಯಿತು.

"ಅಕ್ಕಾ! ಈ ಪೆದ್ದನ ಹೆಸರಾ!" ಅಂತ ಕೊಟ್ರೇಶ ತಲೆ ಮೇಲೆ ಕೈ ಹೊತ್ತ.

"ಹೌದು ಕಣೋ! ಅವನನ್ನ ಕರೀಬೇಡ ಅಂದ್ಯಲ್ಲ? ಇನ್ಮೇಲೆ ಬೆಳಗೆದ್ರೆ ದಿನಾ ನೀನೇ ಕರಿ!"

ಕರೆದ ಹೆಸರನ್ನು ವಾಪಸು ಪಡೆಯುವ ಶಾಸ್ತ್ರ ಎಲ್ಲೂ ಇಲ್ಲ. ಹಾಲಮ್ಮ ಇಳಿದಳು. ಕೂಸನ್ನು ಮಲಗಿಸಿದರು. ಹೆಂಗಸರು ತೊಟ್ಟಿಲ ಸುತ್ತ ನಿಂತು, ತೂಗುತ್ತ, ರಾಗ ಎಳೆದರು: "ಮಲಗು ಮಲಗೋ ಮುರಿಗೆಪ್ಪಾ..."

ಹೇಳಿದ ಮಾತು ಮೀರುವವನಲ್ಲವಲ್ಲ! ಆರಡಿ ಮುರಿಗೆಪ್ಪ ಚಪ್ಪಲಿ ಬಿಟ್ಟು, ಕೂಸನ್ನು ಒಂಚೂರು ಆ ಕಡೆ ಸರಿಸಿ, ತೊಟ್ಟಿಲು ಹತ್ತಿ ಮಲಗಿಬಿಟ್ಟ.