ಬಹುಪರಾಕ್ ಯಂತ್ರ ಮತ್ತು ಕೇಳೋ ತಿಪ್ಪ

‘ಹಳತಾದರೂ ಬೆಲೆ ಏರುತ್ತದೆ, ಬಂಗಾರವಲ್ಲ, ಹೆಂಡವಲ್ಲ. ಏನದು?’ ಬಿಡಿ, ನಿಮಗೆ ಹೊಳೆಯೋದಿಲ್ಲ. ಕಿರೀಟಪುರದಲ್ಲಿ ಡಂಗುರದವನು ಸಾರಿದಾಗಲೂ ಯಾರಿಗೂ ಹೊಳೆದಿರಲಿಲ್ಲ. ಅವನು ಸಾರಿದ್ದು ಇಷ್ಟು: ರಾಜಕುಮಾರಿ ಮಾಣಿಕಬ್ಬೆಗೆ ಆಟವಾಡಲು ಕಂಪ್ಯೂಟರ್ ಜೋಡಿಸಬೇಕು, ಬೆಲೆ ಕೇಳಿ ಭೋಗವರ್ಮ ಮಹಾರಾಜರಿಗೆ ತಲೆಸುತ್ತು ಬಂದಿದೆ, ಯಾಕೆ ಏರಿತೆಂಬ, ಇದೇ ಮೊದಲನೆಯದಾದ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ.

ತಿಪ್ಪಯ್ಯ ಎಮ್ಮೆ ಕಾಯುವವನು. ಅವನಿಗೂ ಕಂಪ್ಯೂಟರ್ ಕಟ್ಟುವ ಹುಚ್ಚು. ಎಂದೋ ಕೊಂಡ ಖಾಲಿ ಕ್ಯಾಬಿನೆಟ್ಟಿನಲ್ಲಿ ಈಗ ಕೋಳಿ ಕಾವಿಗೆ ಕೂತಿತ್ತು. ಸಂತೆಗೆ ಹೋದಾಗೆಲ್ಲ ಬೆಲೆ ವಿಚಾರಿಸಿ ಬರಿಗೈಲಿ ಬರುತ್ತಿದ್ದ. ಅಂಗಡಿಯವರು ಅವನಿಗೆ ‘ಕೇಳೋ ತಿಪ್ಪ’ ಅಂತಲೇ ಹೆಸರಿಟ್ಟಿದ್ದರು.

“ನಿನ್ ತಲೆ ಹೋದ್ರೆ ಎಮ್ಮೆ ಮೇಯಿಸೋರ್ಯಾರೋ?” ಅಂದಳು ಅವ್ವ.

“ಎಮ್ಮೆಗೆ ದಾರಿ ಗೊತ್ತವ್ವ,” ಅಂದು ಹೊರಟ.

ಆಸ್ಥಾನದಲ್ಲಿ ನೆರೆನಾಡಿನ ಯುವರಾಜ ಮೊದಲ ಒಗಟಿಗೆ “ಉಪ್ಪಿನಕಾಯಿ” ಅಂದ. ಅವನನ್ನು ಸೆರೆಮನೆಗೆ ಒಯ್ದರು. ಹಿಂದಿದ್ದ ಪಂಡಿತ “ನನ್ನ ಅನುಭವ” ಅಂದ. ಅವನನ್ನೂ ಒಯ್ದರು.

“ರ‍್ಯಾಮ್, ಬುದ್ಧಿ. ಕಂಪ್ಯೂಟರಿನ ನೆನಪಿನ ಪಟ್ಟಿ,” ಅಂದ ತಿಪ್ಪಯ್ಯ. “ಹೊಸದು ಕೈಗೆಟಕದೆ ಜನ ಹಳೇದಕ್ಕೇ ಮುಗಿಬಿದ್ದಿದ್ದಾರೆ. ದುಬಾರಿ ಅಂತ ನಾನು ಬಿಟ್ಟು ಬಂದಿದ್ದ ಹಳೇ ತುಂಡಿಗೆ ಈಗ ಎರಡರಷ್ಟು ಹೇಳ್ತಾರೆ.”

ರಾಜ ಎರಡನೆಯದು ಕೇಳಿದ: “ಒಲೆ ಕೆಲವೇ, ಉರಿ ಆರಿಲ್ಲ, ಅಡುಗೆ ಆಗುತ್ತಲೇ ಇದೆ. ಆದರೂ ಪಂಕ್ತಿಯಲ್ಲಿ ಎಲೆ ಖಾಲಿ. ಯಾಕೆ?”

“ಒಲೆ ಅಂದ್ರೆ ಚಿಪ್ ಮಾಡೋ ಕಾರ್ಖಾನೆ. ಹಿತ್ತಲ ಬಾಗಿಲಲ್ಲಿ ಹಂಡೆಗಟ್ಟಲೆ ಕೊಳ್ಳೋನು ನಿಂತಿರುವಾಗ ಅಡುಗೆಯವನು ನಮ್ಮೆಲೆಗೆ ಸೌಟು ಹಿಡಿದು ಯಾಕೆ ಬರ್ತಾನೆ? ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಂದೂ ಅದೇ ಕತೆ.”

“ಹಾಗಾದರೆ ಮೂರನೆಯದು. ಹಿತ್ತಲಲ್ಲಿ ನಿಂತವನು ಯಾರು? ಹೊಟ್ಟೆಯಿಲ್ಲ, ಹಸಿವು ತೀರದು. ನಾಲಗೆಯಿಲ್ಲ, ಮಾತು ಮುಗಿಯದು.”

ತಿಪ್ಪಯ್ಯ ಕತ್ತು ಸವರಿಕೊಂಡ.

“ಗೊತ್ತಿದ್ರೆ ಹೇಳೋ,” ಅಂದಳು ಮಾಣಿಕಬ್ಬೆ.

“ಹೇಳಿದ್ರೂ ತಲೆ ಹೋಗುತ್ತೆ, ಹೇಳದಿದ್ರೂ ಹೋಗುತ್ತೆ ಅಮ್ಮಣ್ಣಿ. ಹೇಳಿಯೇ ಹೋಗಲಿ,” ಅಂದವನು ಸಿಂಹಾಸನದ ಪಕ್ಕಕ್ಕೆ ಕೈ ತೋರಿಸಿದ.

ಅಲ್ಲಿತ್ತು ಯೋಚಿಸುವ ಯಂತ್ರ. ಹೊಗಳುಭಟರು ಹಳೇ ಬಿರುದನ್ನೇ ಕೂಗುತ್ತಾರೆಂದು ರಾಜ ಅವರನ್ನು ಕೆಲಸದಿಂದ ಬಿಡಿಸಿ, ಗಳಿಗೆಗೊಂದು ಹೊಸ ಬಿರುದು ಕಟ್ಟಲು ಇದನ್ನು ತರಿಸಿದ್ದ.

“ಲೋಕದ ದೊಡ್ಡೋರೆಲ್ಲ ಇಂಥದ್ದಕ್ಕೇ ಚಿಪ್ ಬಾಚ್ತಿದ್ದಾರೆ. ತಾವೂ ಅರಮನೆಯ ಕೋಣೆ ಕೋಣೆ ತುಂಬಿಸಿದ್ದೀರಿ. ಕುಮಾರಿಯವರ ಎಲೆಗೆ ಬೀಳಬೇಕಾದ್ದು ತಮ್ಮ ಬಹುಪರಾಕಿಗೆ ಬಿದ್ದಿದೆ ಬುದ್ಧಿ.”

ರಾಜನ ಕೈ ಕತ್ತಿಗೆ ಹೋಯಿತು. ಅಷ್ಟರಲ್ಲಿ ಗಳಿಗೆಯಾಯಿತು, ಯಂತ್ರ ಕೂಗಿತು: “ಸತ್ಯ ನುಡಿದವರನ್ನು ಕಾಯುವ ತಾಳ್ಮೆಯ ಸಾಗರ, ಬಹುಪರಾಕ್!”

ಕೂಗಿದ ಬಿರುದಿಗೆ ತಕ್ಕಂತೆ ನಡೆಯುವುದು ಆ ಮನೆತನದ ಪದ್ಧತಿ. ರಾಜ ಹಲ್ಲು ಕಚ್ಚಿ “ಉತ್ತರ ಸರಿ” ಅಂದ.

“ಏನು ಬೇಕು?”

“ಮೊದಲು ಸೆರೆಯಲ್ಲಿರೋರ ತಲೆ ಬಿಡಿ. ಆಮೇಲೆ ಆ ಯಂತ್ರದೊಳಗಿಂದ ಒಂದಿಷ್ಟು ಚಿಪ್ ಬಿಚ್ಚಿಸಿ. ಅಮ್ಮಣ್ಣಿಗೊಂದು ಪಾಲು, ನನಗೊಂದು.”

ಹಾಗೇ ಆಯಿತು. ಮಿಕ್ಕಿದ್ದು ಸಂತೆಗೆ ಬಂತು, ಬೆಲೆ ಇಳಿಯಿತು, ಊರಿನ ಹುಡುಗರೆಲ್ಲ ಕಂಪ್ಯೂಟರ್ ಕಟ್ಟಿಕೊಂಡರು.

ತಿಪ್ಪಯ್ಯನ ತಲೆ ಉಳಿದಿದ್ದು ನಾನು ಕೇಳಿದ ಕತೆಯಲ್ಲೇ ಇದೆ. ಬೆಲೆ ಇಳಿದದ್ದು ಮಾತ್ರ ನಾನು ಕಟ್ಟಿ ಸೇರಿಸಿದ್ದು.