ಪಾರುಪತ್ಯಗಾರನ ಅಮಾವಾಸ್ಯೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ನೀಲವ್ವ ಎಂಬ ಗುರು ಇದ್ದಳು. ಎಲ್ಲರಿಗೂ ಅವಳು ಅವ್ವ.

ಆಶ್ರಮದ ಪಾರುಪತ್ಯವನ್ನು ಅವಳು ಶಿಷ್ಯ ಸಂಗಯ್ಯನಿಗೆ ವಹಿಸಿದಳು. ಅಡುಗೆಮನೆಯಿಂದ ಸ್ನಾನಘಟ್ಟದವರೆಗೆ ಇನ್ನು ಅವನು ಹೇಳಿದ್ದೇ ಆಗಬೇಕು.

ಒಂದೇ ಕಟ್ಟಳೆ. ಅಮಾವಾಸ್ಯೆಯ ಮಧ್ಯಾಹ್ನ ಪಾರುಪತ್ಯಗಾರ ನೆಲದ ಮೇಲೆ ಕೂರಬೇಕು, ಉಳಿದವರು ಜಗಲಿಯ ಮೇಲೆ. ಯಾರು ಏನು ಬೇಕಾದರೂ ಕೇಳಬಹುದು. ಪ್ರಶ್ನೆ ಮುಗಿಯುವವರೆಗೆ ಊಟದ ಎಲೆ ಹಾಕುವಂತಿಲ್ಲ.

ಮೊದಲ ಅಮಾವಾಸ್ಯೆಗೆ ಸಂಗಯ್ಯ ಬೆವೆತುಹೋದ. ಮಜ್ಜಿಗೆ ಯಾಕೆ ನೀರಾಯಿತು, ದನದ ಕೊಟ್ಟಿಗೆ ಯಾಕೆ ಇನ್ನೂ ಸೋರುತ್ತಿದೆ, ನಿನ್ನ ಕೋಣೆಗೆ ಮಾತ್ರ ಹೊಸ ಚಾಪೆ ಎಲ್ಲಿಂದ ಬಂತು ಎಂದು ಹಸಿದ ಜನ ಬಿಡದೆ ಕೇಳಿದರು.

ಮುಂದಿನ ಸಲ ಅವನು ಸಣ್ಣದೊಂದು ಬದಲಾವಣೆ ಮಾಡಿದ. ಮೊದಲು ಊಟ, ಆಮೇಲೆ ಪ್ರಶ್ನೆ. ಊಟಕ್ಕೆ ಹೋಳಿಗೆ, ಮೇಲೆ ಧಾರಾಳ ತುಪ್ಪ.

ಯಾರೂ ಏನೂ ಕೇಳಲಿಲ್ಲ. ಅರ್ಧ ಜಗಲಿ ಗೊರಕೆ ಹೊಡೆಯಿತು.

"ಯಾರದೂ ದೂರಿಲ್ಲವ್ವ," ಎಂದು ಸಂಗಯ್ಯ ಹೋಗಿ ಒಪ್ಪಿಸಿದ. ಅವ್ವ ತಲೆಯಾಡಿಸಿದಳು, ಅಷ್ಟೆ.

ಆ ಧೈರ್ಯದ ಮೇಲೆ ಅವನು ತನ್ನ ಕೋಣೆಯ ಪಕ್ಕದ ಸ್ನಾನಘಟ್ಟಕ್ಕೆ ಬೇಲಿ ಹಾಕಿಸಿದ. ಮುಂಜಾನೆಯ ಗದ್ದಲದಿಂದ ಧ್ಯಾನಕ್ಕೆ ಅಡ್ಡಿಯಾಗುತ್ತದೆ, ಎಲ್ಲರೂ ಆಚೆ ಬಂಡೆಯ ಹತ್ತಿರ ಮೀಯತಕ್ಕದ್ದು ಎಂದು ಅಪ್ಪಣೆಯಾಯಿತು.

ಒಂದು ಬೆಳಗ್ಗೆ ಮುದುಕ ರಾಚಪ್ಪ ಆ ಬಂಡೆಯ ಮೇಲೆ ಜಾರಿ ಹೊಳೆಯ ಸೆಳವಿಗೆ ಸಿಕ್ಕ. ದೋಣಿಯವನೊಬ್ಬ ಧೋತರದ ಚುಂಗು ಹಿಡಿದು ಎಳೆದುಕೊಂಡಿದ್ದರಿಂದ ಜೀವ ಉಳಿಯಿತು.

ಸಂಗಯ್ಯ ಅವ್ವನ ಬಳಿ ಓಡಿಬಂದ.

"ಅಲ್ಲಿ ಪಾಚಿ ಇದೆ ಅಂತ ಎಲ್ಲರಿಗೂ ಗೊತ್ತಿತ್ತಂತೆ ಅವ್ವ. ಒಬ್ಬರೂ ನನಗೆ ಹೇಳಲಿಲ್ಲ."

"ಯಾವಾಗ ಹೇಳಬೇಕಿತ್ತು?"

ಸಂಗಯ್ಯನಿಗೆ ಹೋಳಿಗೆಯ ಊಟ ನೆನಪಾಯಿತು. ಪಾರುಪತ್ಯ ಬೇರೆಯವರಿಗೆ ಕೊಟ್ಟುಬಿಡು ಎಂದು ಬೇಡಿಕೊಂಡ.

"ಕೊಡೋದು ಬಿಡೋದು ಆಮೇಲೆ. ನಾಳೆ ಅಮಾವಾಸ್ಯೆ. ಎಲೆ ಹಾಕಿಸಬೇಡ, ನೆಲದ ಮೇಲೆ ಕೂರು."

ಕೂತ. ಬೇಲಿ ಹಾಕಿಸಿದ್ದು ಯಾರು ಎಂದರು. ನಾನು ಎಂದ. ನಿನ್ನ ಧ್ಯಾನ ಅಷ್ಟು ಕೆಡುತ್ತಿತ್ತೇ ಎಂದರು.

"ಧ್ಯಾನ ಅಲ್ಲ," ಎಂದ ಸಂಗಯ್ಯ. "ನಿದ್ದೆ."

ಜಗಲಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೇಲಿ ಯಾವಾಗ ತೆಗೆಯುತ್ತೀಯ ಎಂದಾಗ ಊಟಕ್ಕೆ ಮೊದಲೇ ಎಂದ. ರಾಚಪ್ಪನ ಕಡೆ ತಿರುಗಿ, ತಪ್ಪಾಯಿತು ಎಂದ. ಒಂದೊಂದು ಉತ್ತರಕ್ಕೂ ಅವನ ಎದೆ ಹಗುರಾಗುತ್ತ ಹೋಯಿತು. ಇಷ್ಟಕ್ಕೇ ತಾನು ಅಷ್ಟೊಂದು ಹೆದರಿದ್ದು ಎನಿಸಿ ಅವನಿಗೂ ನಗು ಬಂತು.

ಎಲ್ಲ ಮುಗಿಯಿತು ಎನ್ನುವಾಗ ರಾಚಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನನ್ನದೊಂದು ಉಳಿದಿದೆ. ಈ ಪುಣ್ಯಾತ್ಮನನ್ನ ಪಾರುಪತ್ಯಕ್ಕೆ ಕೂರಿಸಿದ್ದು ಯಾರು?"

ಜಗಲಿಯೆಲ್ಲ ಅವ್ವನ ಕಡೆ ತಿರುಗಿತು.

ಅವ್ವ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಜಗಲಿಯಿಂದ ಕೆಳಗಿಳಿದಳು. ಸ್ವಲ್ಪ ಸರಿದುಕೊಳ್ಳಪ್ಪ ಎಂದು ಸಂಗಯ್ಯನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನಾನು," ಎಂದಳು. "ಕೇಳು, ರಾಚಪ್ಪ."